ಸೀರೆಯುಟ್ಟು ಕುಳಿತ ಡಾಕ್ಟರು

ಪಾಶ್ಚಾತ್ಯ ವೈದ್ಯಕೀಯದಲ್ಲಿ ಪದವಿ ಪಡೆದ ಭಾರತದ ಮೊದಲ ಮಹಿಳೆಯರಲ್ಲಿ ಒಬ್ಬರಾದ ಆನಂದಿಬಾಯಿ ಜೋಶಿ ಅವರ ಮಾತು ಬಂದಾಗಲೆಲ್ಲ ಎಲ್ಲರೂ ತೋರಿಸುವ ಹಳೆಯ ಛಾಯಾಚಿತ್ರವೊಂದಿದೆ. ಅಮೆರಿಕದ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಡೀನ್ ಸತ್ಕಾರಕೂಟ ಏರ್ಪಡಿಸಿದ್ದ 1885ರ ಅಕ್ಟೋಬರ್ 10ರಂದು ತೆಗೆದ ಆ ಚಿತ್ರದಲ್ಲಿ ಮೂವರು ತಮ್ಮ ತಮ್ಮ ನಾಡಿನ ಉಡುಪಿನಲ್ಲಿ ಕುಳಿತಿದ್ದಾರೆ: ಸೀರೆಯಲ್ಲಿ ಆನಂದಿಬಾಯಿ, ಕಿಮೊನೊದಲ್ಲಿ ಜಪಾನಿನ ಕೇಯಿ ಒಕಾಮಿ, ಸಿರಿಯಾದ ಉಡುಗೆಯಲ್ಲಿ ಡಮಾಸ್ಕಸ್ಸಿನ ಇಸ್ಲಾಂಬೂಲಿ. ಮೂವರ ಮುಖದಲ್ಲೂ ನಗುವಿಲ್ಲ.

ಮೊನ್ನೆ ಅದನ್ನು ದೊಡ್ಡದು ಮಾಡಿ ನೋಡುವಾಗ ನನ್ನ ಕಣ್ಣು ಅಡಿಬರಹದ ಮೇಲೆ ನಿಂತಿತು. ಅಲ್ಲಿ ಮೂವರ ಹೆಸರಿಗೂ 'ಡಾಕ್ಟರ್' ಸೇರಿದೆ. ಆದರೆ ಚಿತ್ರ ತೆಗೆದ ದಿನ ಅವರಲ್ಲಿ ಒಬ್ಬರೂ ಡಾಕ್ಟರ್ ಆಗಿರಲಿಲ್ಲ. ಆನಂದಿಬಾಯಿಗೆ ಪದವಿ ದೊರೆತದ್ದು 1886ರ ಮಾರ್ಚಿನಲ್ಲಿ, ಒಕಾಮಿಗೆ 1889ರಲ್ಲಿ, ಇಸ್ಲಾಂಬೂಲಿಗೆ 1890ರಲ್ಲಿ. ಅಂದರೆ ಆ ಬರಹ ಆಮೇಲೆ ಯಾರೋ ಸೇರಿಸಿದ್ದು. ಅಮೆರಿಕಕ್ಕೆ ಹೊರಡುವ ಮೊದಲು ಆನಂದಿಬಾಯಿ ಇದ್ದ ಬಂಗಾಳದ ಸೆರಾಂಪೋರನ್ನೂ ಅವರು 'ಸೆರಾನಿಸ್‌ಬೋರ್' ಮಾಡಿಟ್ಟಿದ್ದಾರೆ. ನಾವು 'ಮೊದಲ ವೈದ್ಯೆಯರ ಚಿತ್ರ' ಎಂದು ನೋಡುತ್ತಿರುವುದು ನಿಜಕ್ಕೂ ಇನ್ನೂ ಓದು ಮುಗಿಸದ ಮೂವರು ವಿದ್ಯಾರ್ಥಿನಿಯರನ್ನು.

ಹಾಗೆ ನೋಡಿದರೆ ಚಿತ್ರಕ್ಕೆ ತೂಕ ಹೆಚ್ಚೇ ಬರುತ್ತದೆ. ಮುಂಬೈ ಬಳಿಯ ಕಲ್ಯಾಣದಲ್ಲಿ ಹುಟ್ಟಿ, ಒಂಬತ್ತರ ಹರೆಯದಲ್ಲೇ ಮದುವೆಯಾಗಿ, ಹದಿನಾಲ್ಕರಲ್ಲಿ ಹೆತ್ತ ಗಂಡುಕೂಸನ್ನು ಹತ್ತೇ ದಿನಕ್ಕೆ ಕಳೆದುಕೊಂಡ ಈಕೆಗೆ ಇಲ್ಲಿ ಇನ್ನೂ ಇಪ್ಪತ್ತು ವರ್ಷ. ಆ ಕೂಸಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದುದೇ ಅವರನ್ನು ವೈದ್ಯಕೀಯದತ್ತ ತಿರುಗಿಸಿತು. 1883ರಲ್ಲಿ ಸೆರಾಂಪೋರ್ ಕಾಲೇಜಿನ ಸಭಾಂಗಣದಲ್ಲಿ ಮಾತನಾಡಿ, ಈ ದೇಶಕ್ಕೆ ಹೆಂಗಸರೇ ಆದ ವೈದ್ಯರು ಬೇಕು, ಹಿಂದೂವಾಗಿ ಹೋಗಿ ಹಿಂದೂವಾಗಿಯೇ ಮರಳುತ್ತೇನೆ ಎಂದು ಹೇಳಿ, ಗಂಡ ಗೋಪಾಲರಾವ್ ಜೊತೆಗಿಲ್ಲದೆ ಕಲ್ಕತ್ತೆಯಿಂದ ಹಡಗು ಹತ್ತಿದವರು ಅವರು. ಹಾಗಾಗಿ ಚಿತ್ರದ ಆ ಸೀರೆ ನನಗೆ ಸತ್ಕಾರಕೂಟದ ಅಲಂಕಾರವಾಗಿ ಮಾತ್ರ ಕಾಣುವುದಿಲ್ಲ. ತುಂಬಿದ ಸಭೆಯಲ್ಲಿ ಕೊಟ್ಟ ಮಾತನ್ನು ಅವರು ಅಲ್ಲಿ ಉಟ್ಟುಕೊಂಡೇ ಕುಳಿತಂತಿದೆ.

ಪದವಿಗಾಗಿ ಅವರು ಬರೆದ ಪ್ರಬಂಧವೂ ಹಿಂದೂಗಳ ಹೆರಿಗೆ ಪದ್ಧತಿಯನ್ನು ಕುರಿತದ್ದೇ. 1886ರ ಕೊನೆಯಲ್ಲಿ ಮರಳಿದಾಗ ಕ್ಷಯ ಅವರನ್ನು ಹಣ್ಣು ಮಾಡಿತ್ತು. ಕೊಲ್ಹಾಪುರದ (ನಮ್ಮ ಬೆಳಗಾವಿಯಿಂದ ಅದೇನು ದೂರವಲ್ಲ) ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗಕ್ಕೆ ವೈದ್ಯೆಯಾಗಿ ನೇಮಕವಾಗಿದ್ದರೂ, ಆ ವೃತ್ತಿಯಲ್ಲಿ ನೆಲೆನಿಲ್ಲುವಷ್ಟು ಆಯುಸ್ಸು ಅವರಿಗಿರಲಿಲ್ಲ. 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು. ಚಿತ್ರ ತೆಗೆದು ಆಗ ಒಂದೂವರೆ ವರ್ಷವೂ ಆಗಿರಲಿಲ್ಲ.

ಅಮೆರಿಕದಲ್ಲಿ ಅವರನ್ನು ಮಗಳಂತೆ ನೋಡಿಕೊಂಡಿದ್ದ ಥಿಯೊಡಿಸಿಯಾ ಕಾರ್ಪೆಂಟರ್ ಅವರಿಗೆ ಚಿತಾಭಸ್ಮವನ್ನು ಕಳುಹಿಸಲಾಯಿತು. ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿಯಲ್ಲಿ, ಕಾರ್ಪೆಂಟರ್ ಮನೆತನದ ಸಮಾಧಿಗಳ ನಡುವೆ ಅದಕ್ಕೊಂದು ಕಲ್ಲು ನಿಲ್ಲಿಸಿದ್ದಾರೆ. ಅದರ ಮೇಲೂ ಅವರ ಹೆಸರಿನ ಜೊತೆ 'ಎಂ.ಡಿ.' ಎಂದಿದೆ. ಅಲ್ಲಿ ಅದು ಸರಿಯಾಗಿಯೇ ಇದೆ.