ಕಂಗಿನ ಮರದ ಉಂಗುರಗಳು ಮತ್ತು ನನ್ನ ಸಿಲಿಂಡರ್ ಪವರ್

ಬದಿಯಡ್ಕದ ಸಮೀಪದ ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದಾಗ ಕರಿಹಲಗೆಯ ಮೇಲಿನ ‘ಭಾಷೆ’ ಎಂಬ ಪದವನ್ನು ನಾನು ಅರ್ಧ ಕಣ್ಣಿನಿಂದಲೂ ಅರ್ಧ ಊಹೆಯಿಂದಲೂ ಓದುತ್ತಿದ್ದೆ. ಭಕಾರದ ಹೊಟ್ಟೆಯನ್ನು ಸೀಳುವ ಚಿಕ್ಕ ನೆಟ್ಟಗೆರೆ ನನಗೆ ಚೆನ್ನಾಗಿ ಕಾಣುತ್ತಿತ್ತು, ಆದರೆ ಷಕಾರದ ಒಳಗಿನ ಅಡ್ಡಗೀಟು ಮಸುಕಾಗಿ ಅಳಿದುಹೋಗಿ ಅದು ಪಕಾರದಂತೆಯೇ ತೋರುತ್ತಿತ್ತು. ಪದದ ಅರ್ಥ ತಿಳಿದಿದ್ದುದರಿಂದ ಬಾಯಿಯಲ್ಲಿ ತಪ್ಪು ಬರುತ್ತಿರಲಿಲ್ಲ, ಬಾಯಿಯಲ್ಲಿ ತಪ್ಪು ಬಾರದಿದ್ದುದರಿಂದ ಕಣ್ಣಿನಲ್ಲಿ ದೋಷವಿದೆಯೆಂದು ಮನೆಯವರಿಗಾಗಲಿ ಅಧ್ಯಾಪಕರಿಗಾಗಲಿ ಸಂಶಯ ಹುಟ್ಟಲಿಲ್ಲ. ನಾನೇ ಟೀಚರಾಗಿ ಸೇರಿ, ಹಾಜರಿ ಪುಸ್ತಕದ ಅಂಕೆಗಳ ಮುಂದೆ ದಿನವೂ ತಲೆನೋವು ಬರತೊಡಗಿದ ಮೇಲೆಯೇ ಕಣ್ಣಿನ ತಪಾಸಣೆಗೆ ಹೋದದ್ದು. ಪದವನ್ನು ಊಹಿಸಿ ಓದಬಹುದು, ಅಂಕೆಯನ್ನು ಊಹಿಸಲಾಗದು.

ನಮ್ಮೂರಿನಲ್ಲಿ ಎಲ್ಲರೂ ‘ಸಿಲಿಂಡರ್ ಪವರ್’ ಎಂದು ಕರೆಯುವ ದೋಷವೇ ಅಸ್ಟಿಗ್ಮ್ಯಾಟಿಸಂ. ಗ್ರೀಕ್ ಮೂಲದ ಈ ಪದಕ್ಕೆ ‘ಬಿಂದುವಿಲ್ಲದ್ದು’ ಎಂಬ ಅರ್ಥವಿದ್ದು, ದೋಷದ ಸ್ವರೂಪವೆಲ್ಲ ಆ ಹೆಸರಿನಲ್ಲೇ ಅಡಗಿದೆ. ಕಣ್ಣಿನ ಮುಂಭಾಗದ ಪಾರದರ್ಶಕ ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಬಾಗಿದ್ದರೆ ಹೊರಗಿನ ಒಂದು ಬಿಂದುವಿನ ಬೆಳಕು ಒಳಗೂ ಒಂದೇ ಬಿಂದುವಾಗಿ ಸೇರುತ್ತದೆ. ಅದು ಒಂದು ದಿಕ್ಕಿಗೆ ಹೆಚ್ಚು, ಅದಕ್ಕೆ ಲಂಬವಾದ ದಿಕ್ಕಿಗೆ ಕಡಿಮೆ ಬಾಗಿದ್ದರೆ ಬೆಳಕು ಎರಡು ಬೇರೆ ಬೇರೆ ದೂರಗಳಲ್ಲಿ ಎರಡು ಗೆರೆಗಳಾಗಿ ಸೇರುತ್ತದೆ, ಬಿಂದುವಾಗಿ ಎಲ್ಲಿಯೂ ಸೇರುವುದಿಲ್ಲ. ನನ್ನ ಕಣ್ಣಿನಲ್ಲಿ ಮೇಲಿನಿಂದ ಕೆಳಗಿನ ಬಾಗು ಹೆಚ್ಚು. ಆದ್ದರಿಂದ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆಯಾದ ರೆಟಿನಾದ ಮೇಲೆ ಪ್ರತಿಯೊಂದು ಬಿಂದುವೂ ಮೇಲೆ ಕೆಳಗೆ ಎಳೆದಂತಾಗುತ್ತದೆ. ನೆಟ್ಟಗೆರೆಯನ್ನು ಅದರ ಉದ್ದಕ್ಕೇ ಎಳೆದರೆ ಅಂಚು ಕೆಡುವುದಿಲ್ಲ, ಅಡ್ಡಗೆರೆಯನ್ನು ಹಾಗೆ ಎಳೆದರೆ ಅದು ದಪ್ಪವಾಗಿ ಹರಡಿ ಮಸುಕಾಗುತ್ತದೆ. ಭಕಾರದ ಸೀಳು ಉಳಿದು ಷಕಾರದ ಗೀಟು ಅಳಿಸಿಹೋದ ಕಾರಣ ಇಷ್ಟೇ. ಬೇರೆ ದಿಕ್ಕಿನ ಸಿಲಿಂಡರ್ ಇದ್ದವರಿಗೆ ಇದು ತದ್ವಿರುದ್ಧವಾಗಿ ಕಂಡೀತು.

ಮನೆಯ ಅಂಗಳದಿಂದ ತೋಟದತ್ತ ನೋಡಿದಾಗಲೂ ಹೀಗೆಯೇ ಆಗುತ್ತಿತ್ತು. ಕಂಗಿನ (ಅಡಿಕೆಯ) ಮರಗಳ ನೇರ ಕಾಂಡಗಳು ಗೀಟೆಳೆದಂತೆ ಕಾಣುತ್ತಿದ್ದವು, ಆದರೆ ಹಾಳೆ ಬಿದ್ದ ಜಾಗದಲ್ಲಿ ಕಾಂಡದ ಸುತ್ತ ಉಳಿಯುವ ಉಂಗುರಗಳು ನನಗೆ ಕಾಣುತ್ತಿರಲಿಲ್ಲ. ಕಂಗಿನ ಕಾಂಡ ದೂರಕ್ಕೆ ನುಣುಪಾಗಿಯೇ ಕಾಣುವುದು ಸಹಜವೆಂದು ನಾನು ನಂಬಿದ್ದೆ.

ತಪಾಸಣೆಯಲ್ಲಿ ಗಡಿಯಾರದ ಮುಖದಂತೆ ಸುತ್ತಲೂ ಗೆರೆಗಳಿದ್ದ ಚಿತ್ರವನ್ನು ತೋರಿಸಿ, “ಯಾವ ಗೆರೆ ಹೆಚ್ಚು ಕಪ್ಪಾಗಿ ಕಾಣುತ್ತದೆ ಟೀಚರ್?” ಎಂದು ಕೇಳಿದರು. ಹನ್ನೆರಡರಿಂದ ಆರಕ್ಕೆ ಹೋಗುವ ಗೆರೆಯೆಂದೆ. ಎರಡು ಅಂಕೆಗಳಲ್ಲಿ ಚಿಕ್ಕದನ್ನು 30ರಿಂದ ಗುಣಿಸಿದರೆ ಈ ದೋಷವನ್ನು ಸರಿಪಡಿಸುವ, ಒಂದೇ ದಿಕ್ಕಿಗೆ ಪವರ್ ಇರುವ ಮೈನಸ್ ಸಿಲಿಂಡರ್ ಲೆನ್ಸಿನ ಆಕ್ಸಿಸ್, ಎಂದರೆ ಅದನ್ನು ಕೂರಿಸಬೇಕಾದ ದಿಕ್ಕಿನ ಕೋನ, ಹತ್ತಿರ ಹತ್ತಿರ ಸಿಗುತ್ತದೆ. ಆರು ಮೂವತ್ತಲ 180. ಮತ್ತೆ ಲೆನ್ಸ್ ತಿರುಗಿಸಿ ತಿರುಗಿಸಿ ನೋಡಿ ಚೀಟಿಯಲ್ಲಿ ಮೈನಸ್ 1.75, ಆಕ್ಸಿಸ್ 170 ಎಂದು ಬರೆದರು. ದೂರದೃಷ್ಟಿಯ ತೀಕ್ಷ್ಣತೆಯನ್ನು 6/9, 6/12 ಎಂದು ಬರೆಯುವ ಕ್ರಮ ಉಪಯುಕ್ತವೇ ಸರಿ, ಆದರೆ ಮಸುಕು ಯಾವ ದಿಕ್ಕಿಗೆ ಹರಡಿದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಕಣ್ಣು ಕಿರಿದುಮಾಡಿ ನೋಡಿದರೆ ನನ್ನಂಥವರಿಗೆ ಮೇಲೆ ಕೆಳಗಿನ ಹರಡುವಿಕೆ ಕಡಿಮೆಯಾಗಿ ಒಂದೆರಡು ಸಾಲು ಹೆಚ್ಚೇ ಓದಲು ಬರುತ್ತದೆ, ಸಂಖ್ಯೆ ಇರುವುದಕ್ಕಿಂತ ಚೆನ್ನಾಗಿ ತೋರುತ್ತದೆ.

ಈ ಕೋನದ ಬೆಲೆ ನನಗೆ ತಿಳಿದದ್ದು ಎರಡನೆಯ ಕನ್ನಡಕದಿಂದ. ಅದನ್ನು ಧರಿಸಿದೊಡನೆ ಬಾಗಿಲ ದಾರಂದ ವಾಲಿದಂತೆಯೂ ಜಗಲಿಯ ನೆಲ ಒಂದು ಕಡೆಗೆ ಇಳಿಜಾರಾದಂತೆಯೂ ಕಾಣಿಸಿತು. ಹೊಸ ಸಿಲಿಂಡರ್ ಲೆನ್ಸಿಗೆ ಕೆಲವು ದಿನ ಹೀಗಾಗುವುದುಂಟು. ವಾರದಲ್ಲಿ ಅಭ್ಯಾಸವಾಗುತ್ತದೆಂದು ಅಂಗಡಿಯವರು ಹೇಳಿದ್ದನ್ನು ನಂಬಿ ಮೂರು ವಾರ ಸಹಿಸಿದೆ. ಕೊನೆಗೆ ಬೇರೊಂದು ಕಡೆ, ಲೆನ್ಸಿನ ಪವರನ್ನೂ ಆಕ್ಸಿಸನ್ನೂ ಅಳೆಯುವ ಲೆನ್ಸೋಮೀಟರಿನಲ್ಲಿಟ್ಟು ನೋಡಿದರೆ ಬಲಗಣ್ಣಿನ ಲೆನ್ಸಿನಲ್ಲಿ 170ರ ಬದಲು 140 ಇತ್ತು. ಪವರ್ ಸರಿಯಾಗಿಯೇ ಇತ್ತು, ದಿಕ್ಕು ಮಾತ್ರ ತಪ್ಪಿತ್ತು. ಲೆನ್ಸ್ 30 ಡಿಗ್ರಿ ತಿರುಗಿದರೆ ಉಳಿಯುವ ಸಿಲಿಂಡರ್ ಮೊದಲಿನಷ್ಟೇ ಆಗಿ, ಅದರ ದಿಕ್ಕು ಮಾತ್ರ ಬದಲಾಗುತ್ತದೆ. ಅಂದರೆ ಕನ್ನಡಕವಿದ್ದೂ ಲಾಭವಿಲ್ಲ. 10 ಡಿಗ್ರಿ ತಪ್ಪಿದರೂ ಸುಮಾರು ಮೂರನೆಯ ಒಂದು ಪಾಲು ದೋಷ ಉಳಿದುಬಿಡುತ್ತದೆ. ಆ ಮೂರು ವಾರಗಳ ತಲೆನೋವು ತಪ್ಪಿಸಬಹುದಾಗಿದ್ದದ್ದೆಂದು ಈಗಲೂ ನನಗೆ ಬೇಸರವಿದೆ.

ಇಂಗ್ಲೆಂಡಿನ ಥಾಮಸ್ ಯಂಗ್ 1801ರಲ್ಲಿ ತನ್ನ ಕಣ್ಣಿನಲ್ಲೇ ಈ ದೋಷವನ್ನು ಗುರುತಿಸಿ ವಿವರಿಸಿದ್ದ. ಮುಂದೆ ಖಗೋಳಶಾಸ್ತ್ರಜ್ಞನಾಗಿ ಹೆಸರಾದ ಜಾರ್ಜ್ ಏರಿ ತನ್ನ ಎಡಗಣ್ಣಿಗೆ ಬೆಳಕಿನ ಬಿಂದು ಗೆರೆಯಾಗಿ ಕಾಣುವುದನ್ನು ಅಳೆದು ಸಿಲಿಂಡರ್ ಲೆನ್ಸನ್ನು ಮಾಡಿಸಿಕೊಂಡು, 1825ರಲ್ಲಿ ಕೇಂಬ್ರಿಜ್‌ನಲ್ಲಿ ಅದನ್ನು ವಿವರಿಸಿದ. ಅವರಿಬ್ಬರೂ ತಮ್ಮ ದೋಷವನ್ನು ಇಷ್ಟು ನಿಖರವಾಗಿ ಅಳೆದುಕೊಂಡದ್ದನ್ನು ನೆನೆದಾಗ ನನಗೆ ಗೌರವ ಮೂಡುತ್ತದೆ.

ಮಕ್ಕಳ ವಿಷಯದಲ್ಲಿ ನನಗೆ ಆತಂಕವೇ ಇದೆ. ಚಿಕ್ಕ ವಯಸ್ಸಿನಲ್ಲಿ ಹೆಚ್ಚಿನ ಸಿಲಿಂಡರ್ ಸರಿಪಡಿಸದೆ ಉಳಿದರೆ ಮಸುಕಾಗಿ ಕಾಣುವ ದಿಕ್ಕಿನ ಗೆರೆಗಳನ್ನು ಗ್ರಹಿಸುವುದನ್ನು ಮೆದುಳು ಸರಿಯಾಗಿ ಕಲಿಯುವುದಿಲ್ಲ, ಮುಂದೆ ಕನ್ನಡಕ ಕೊಟ್ಟರೂ ಆ ದಿಕ್ಕಿನ ತೀಕ್ಷ್ಣತೆ ಪೂರ್ತಿ ಬಾರದೆ ಇರಬಹುದು. ಆದ್ದರಿಂದ ಜೂನ್ ತಿಂಗಳಲ್ಲಿ ನಮ್ಮ ತರಗತಿಗೆ ಬರುವ ಮಕ್ಕಳಿಗೆ ನಾನು ಪಾಠದ ಸಾಲುಗಳ ಬದಲು ಅರ್ಥವಿಲ್ಲದ ಜೋಡಿಗಳನ್ನು ಹಲಗೆಯಲ್ಲಿ ಬರೆದು ಓದಿಸುತ್ತೇನೆ: ಪಷ, ಷಪ, ಬಭ, ದಧ. ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಹಿಂದಿನ ಬೆಂಚಿನಿಂದ. ಇದು ತಪಾಸಣೆಯಲ್ಲ, ತಪಾಸಣೆಗೆ ಯಾರನ್ನು ಕಳುಹಿಸಬೇಕೆಂದು ತಿಳಿಯುವ ದಾರಿ ಮಾತ್ರ. ಕಳೆದ ವರ್ಷ ಹೀಗೆ ಇಬ್ಬರ ತಾಯಂದಿರಿಗೆ ಹೇಳಿ ಕಳುಹಿಸಿದೆ. ಆ ಮಕ್ಕಳಲ್ಲಿ ಒಬ್ಬಳಿಗೆ ಎರಡೂ ಕಣ್ಣಿಗೆ ಸಿಲಿಂಡರ್ ಬಂತು.

ಹೊಸ ಕನ್ನಡಕ ಬಂದಾಗಲೆಲ್ಲ ನಾನು ಅಂಗಡಿಯಲ್ಲೇ ಲೆನ್ಸೋಮೀಟರಿನಲ್ಲಿಟ್ಟು ಆಕ್ಸಿಸನ್ನು ಚೀಟಿಯೊಂದಿಗೆ ಹೋಲಿಸಿ ನೋಡಿಸಿಕೊಳ್ಳುತ್ತೇನೆ. ಮನೆಗೆ ಬಂದ ಮೇಲೆ ಅಂಗಳದಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಎದುರಿನ ಕಂಗಿನ ಕಾಂಡದಲ್ಲಿ ಕೆಳಗಿನಿಂದ ಎಷ್ಟು ಉಂಗುರಗಳವರೆಗೆ ಎಣಿಸಲಾಗುತ್ತದೆಂದು ನೋಡುತ್ತೇನೆ.