ಭೈರಪ್ಪನವರ ನಾಲ್ಕನೇ ಮಗಳು

2025ರ ಜುಲೈ 14, ಸೋಮವಾರ. ಚಿತ್ರನಟಿ ಬಿ. ಸರೋಜಾದೇವಿ ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ತೀರಿಕೊಂಡರು ಎಂದು ಟಿವಿಯಲ್ಲಿ ಬಂದಾಗ ದೊಡ್ಡಮ್ಮ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ, ಕಣ್ಣು ಮಾತ್ರ ಟಿವಿಯಿಂದ ಕೀಳಲಿಲ್ಲ. ಮಾರನೇ ದಿನ ದಶವಾರದಲ್ಲೇ ಮಣ್ಣು ಎಂದು ಗೊತ್ತಾದದ್ದೇ ತಡ, "ಹೋಗ್ಬುಟ್ಟು ಬರಾನ ಕಣಪ್ಪಾ, ನಮ್ ತಾಲೂಕಿನ ಹೆಣ್ಮಗಳು" ಅಂದರು. ಮಂಡಿನೋವಿನಿಂದ ಸಂತೆಗೂ ಹೋಗದವರು. ನಾನು ರಜೆ ಹಾಕಿದೆ.

ದಶವಾರ ನಮ್ಮ ಚನ್ನಪಟ್ಟಣ ತಾಲೂಕಿನ ಹಳ್ಳಿ. ಸರೋಜಾದೇವಿ 1938ರಲ್ಲಿ ಹುಟ್ಟಿದ್ದು ಬೆಂಗಳೂರಲ್ಲಿ. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು, ತಾಯಿ ರುದ್ರಮ್ಮ. ಇವರು ನಾಲ್ಕನೇ ಹೆಣ್ಣು. ನಾಲ್ಕನೆಯದೂ ಹೆಣ್ಣಾಯಿತಲ್ಲ, ಯಾರಿಗಾದರೂ ದತ್ತು ಕೊಟ್ಟುಬಿಡಿ ಎಂದು ತಾತ ಹೇಳಿದರಂತೆ. ಭೈರಪ್ಪ ಒಪ್ಪಲಿಲ್ಲ. ಬರೀ ಸಾಕಿದ್ದಲ್ಲ, ಮಗಳಿಗೆ ನೃತ್ಯ ಕಲಿಸಿದರು, ಸ್ಟುಡಿಯೋಗೆ ತಾವೇ ಕರೆದುಕೊಂಡು ಹೋದರು. ಕಾಲಿಗೆ ಗೆಜ್ಜೆ ಕಟ್ಟಿ, ಕುಣಿದು ಊದಿದ ಪಾದವನ್ನು ತಾವೇ ನೀವುತ್ತಿದ್ದರಂತೆ. ಆ ಕಾಲದ ಪೊಲೀಸಪ್ಪ ಮಗಳ ಕಾಲು ಹಿಡಿದು ಕೂತಿರುವುದನ್ನು ಊಹಿಸಿಕೊಳ್ಳಿ. ಇದನ್ನು ಆಟೋದಲ್ಲಿ ಹೇಳಿದಾಗ ದೊಡ್ಡಮ್ಮ ಸುಮಾರು ದೂರ ಮಾತೇ ಆಡಲಿಲ್ಲ.

ಅದಕ್ಕೆ ಕಾರಣವಿದೆ. ನಮ್ಮ ತಾತ ಸಿನಿಮಾ ಹುಚ್ಚಿನವನು. ಟೂರಿಂಗ್ ಟಾಕೀಸಿನಲ್ಲಿ 'ಕಿತ್ತೂರು ಚೆನ್ನಮ್ಮ' ಬಂದಾಗ ಗಾಡಿ ಕಟ್ಟಿಸಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿದ್ದನಂತೆ. ಬಿ.ಆರ್. ಪಂತುಲು ಅವರು 1961ರಲ್ಲಿ ತೆಗೆದ ಚಿತ್ರ, ಚೆನ್ನಮ್ಮನಾಗಿ ಸರೋಜಾದೇವಿ, ಮಲ್ಲಸರ್ಜನಾಗಿ ರಾಜ್‌ಕುಮಾರ್. ಇಪ್ಪತ್ಮೂರರ ಹುಡುಗಿ ಕತ್ತಿ ಹಿಡಿದು ನಿಂತರೆ ತಾತ ಎದ್ದು ನಿಂತು ಚಪ್ಪಾಳೆ ಹೊಡೆದನಂತೆ. ಅದೇ ತಾತ, ಶಾಲೆಯ ನಾಟಕದಲ್ಲಿ ಚೆನ್ನಮ್ಮನ ಪಾತ್ರ ಸಿಕ್ಕಿತು ಎಂದು ಮಗಳು ಕುಣಿದುಕೊಂಡು ಬಂದರೆ, "ನಾಳೆಯಿಂದ ರೇಷ್ಮೆ ಹುಳಕ್ಕೆ ಸೊಪ್ಪು ಹಾಕು, ಸ್ಕೂಲು ಸಾಕು" ಅಂದುಬಿಟ್ಟ. ಏಳನೇ ಕ್ಲಾಸಿಗೆ ದೊಡ್ಡಮ್ಮನ ಓದು ಮುಗಿಯಿತು.

ದಶವಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಬೈಲ್ ಎತ್ತಿ ಹಿಡಿದ ಕೈಗಳ ಸಂದಿಯಲ್ಲಿ ಹೂವಿನ ರಾಶಿ ಬಿಟ್ಟರೆ ನಮಗೆ ಕಂಡದ್ದು ಕಮ್ಮಿ. ಅವರ ತಾಯಿಯ ಸಮಾಧಿಯ ಹತ್ತಿರವೇ ಗುಂಡಿ ತೋಡಿದ್ದರು. ಕಣ್ಣು ದಾನ ಮಾಡಿದ್ದಾರೆ ಎಂದು ಯಾರೋ ಹೇಳುತ್ತಿದ್ದರು. ಸರ್ಕಾರಿ ಗೌರವ ಅಂತ ಪೊಲೀಸರು ಗುಂಡು ಹಾರಿಸಿದಾಗ ಪಕ್ಕದ ಕೂಸು ಚೀರಿತು. ದೊಡ್ಡಮ್ಮ ನನ್ನ ತೋಳು ಹಿಡಿದು, "ಅವರಪ್ಪನ ಇಲಾಖೆಯೋರೇ ಬಂದು ಸಲ್ಯೂಟ್ ಹೊಡುದ್ರು ನೋಡ್ಲಾ" ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಎಲ್ಲಾ ಪಡಕೊಂಡು ಬಂದಿರ್ಬೇಕು ಕಣಮ್ಮ, ಯೋಗ" ಅಂದರು.

"ಯೋಗ ಎಲ್ಲಾರ್ಗೂ ಇರ್ತದೆ. ಗೆಜ್ಜೆ ಕಟ್ಟೋ ಅಪ್ಪ ಇರಾಕಿಲ್ಲ" ಅಂದರು ದೊಡ್ಡಮ್ಮ. ಹಿರಿಯರು ಟವೆಲ್ ಕೊಡವಿಕೊಂಡು ಬೇರೆ ಕಡೆ ನೋಡಿದರು.

ನಾನು ದೊಡ್ಡಮ್ಮನ ಪಕ್ಷ. ಸರೋಜಾದೇವಿ ಹದಿಮೂರರ ಹುಡುಗಿಯಾಗಿ ಸಮಾರಂಭವೊಂದರಲ್ಲಿ ಹಾಡಿದಾಗಲೇ ಸಿನಿಮಾಗೆ ಕರೆ ಬಂದಿತ್ತು, ಆಗ ಒಲ್ಲೆ ಎಂದಿದ್ದರು. ಹೊನ್ನಪ್ಪ ಭಾಗವತರ 'ಮಹಾಕವಿ ಕಾಳಿದಾಸ' ಬಂದದ್ದು 1955ರಲ್ಲಿ, ಆಗ ಹದಿನೇಳು. ಬಣ್ಣ ಹಚ್ಚಿದ ಮೇಲೆ ರುದ್ರಮ್ಮನವರ ಕಟ್ಟಳೆ: ಈಜುಡುಗೆ ಇಲ್ಲ, ತೋಳಿಲ್ಲದ ರವಿಕೆ ಇಲ್ಲ. ಈಗಿನ ಹುಡುಗಿಯರಿಗೆ ಇದು ಬೇಡಿ ಅನ್ನಿಸಬಹುದು, ನನ್ನ ಹೆಂಡತಿಗೂ ಹಾಗೇ ಅನ್ನಿಸಿತು. ಆದರೆ ಮಗಳಿಗೂ ಒಂದು ಷರತ್ತು ಇರುತ್ತದೆ ಎಂದು ನಿರ್ಮಾಪಕರ ಎದುರು ಹೇಳುವವರು ಆ ಕಾಲದಲ್ಲಿ ಎಷ್ಟು ಮಂದಿ ಇದ್ದರು? ಆ ಷರತ್ತನ್ನು ಬಿಡದೆಯೇ ಅವರು ಮದರಾಸನ್ನು ಗೆದ್ದರು. 1958ರ 'ನಾಡೋಡಿ ಮನ್ನನ್' ಎಂ.ಜಿ.ಆರ್. ತಾವೇ ನಿರ್ಮಿಸಿ ನಿರ್ದೇಶಿಸಿದ ಮೊದಲ ಚಿತ್ರ. ಅರ್ಧದ ಮೇಲೆ ತೆರೆಗೆ ಬರುವ ಈ ಕನ್ನಡದ ಹುಡುಗಿಯನ್ನು ತಮಿಳರು ಆಮೇಲೆ ಬಿಟ್ಟುಕೊಡಲೇ ಇಲ್ಲ. ಮರುವರ್ಷ ಹಿಂದಿಯ 'ಪೈಗಾಮ್', ಜೊತೆಗೆ ದಿಲೀಪ್ ಕುಮಾರ್. ನಾಲ್ಕೇ ವರ್ಷದಲ್ಲಿ ಬೆಂಗಳೂರಿಂದ ಬೊಂಬಾಯಿ.

ಸಂಜೆ ಮನೆಯಲ್ಲಿ ಟಿವಿ ಹಚ್ಚಿದರೆ ಎಲ್ಲ ಚಾನೆಲ್ಲಿನಲ್ಲೂ ಅವರೇ. ಶಿವಾಜಿ ಗಣೇಶನ್ ಜೊತೆಗಿನ 1964ರ 'ಪುದಿಯ ಪರವೈ' ಚಿತ್ರದಲ್ಲಿ ಅವರು "ಗೋಪಾಲ್" ಎಂದು ಕೂಗುವ ತುಣುಕು ಬಂತು. ತಮಿಳುನಾಡಿನಲ್ಲಿ ಮಿಮಿಕ್ರಿ ಮಾಡುವವರು ಇವತ್ತಿಗೂ ಬಿಡದ ಕೂಗು ಅದು. ನನ್ನ ಮಗ ಹಾಗೇ ಅನ್ನಲು ಹೋಗಿ ಆಡು ಕೂಗಿದ ಹಾಗೆ ಕೂಗಿದ.

"ಅಂಗಲ್ಲ ಕಣ್ಲಾ" ಎಂದು ದೊಡ್ಡಮ್ಮ ಗೋಡೆ ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡು, ಕತ್ತು ಒಂದಿಷ್ಟು ವಾಲಿಸಿ, ಕಣ್ಣು ಅರಳಿಸಿ, ಕೊನೆಯನ್ನು ಸಣ್ಣಗೆ ಎಳೆದು ಒಂದು ಸಲ "ಗೋಪಾಲ್" ಅಂದರು. ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು. ಮಗ ಇನ್ನೊಂದ್ಸಲ, ಇನ್ನೊಂದ್ಸಲ ಅಂತ ಹಟ ಹಿಡಿದ. ದೊಡ್ಡಮ್ಮನೂ ಬೇಡ ಅನ್ನಲಿಲ್ಲ, ಊಟ ಆರುವವರೆಗೂ ಮಾಡಿದರು.