ಎಫ್‌ಪಿಎಸ್ ಬಿಡಿ, ಮಿಲಿಸೆಕೆಂಡ್ ತೋರಿಸಿ

ನಮ್ಮ ಟೀಮಿಗೆ ಹೊಸದಾಗಿ ಯಾರೇ ಸೇರಲಿ, ನಾನು ಹೇಳುವ ಮೊದಲ ಮಾತು ಇದು: ಸ್ಕ್ರೀನಿನ ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಚಿತ್ರ) ಅಂಕಿ ಹಾಕಬೇಡಿ, ಒಂದೊಂದು ಫ್ರೇಮಿಗೂ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ಗ್ರಾಫ್ ಹಾಕಿ. ನಾವು ಮಾಡುವುದು ಇನ್ನೂ ಕಟ್ಟಿರದ ಅಪಾರ್ಟ್‌ಮೆಂಟುಗಳ ಒಳಗೆ ಓಡಾಡಿಸುವ ವಾಕ್‌ಥ್ರೂ ಸಾಫ್ಟ್‌ವೇರ್. ಮನೆ ನೋಡಲು ಬಂದವರಿಗೆ ಎಫ್‌ಪಿಎಸ್ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಚಿತ್ರ ಒಮ್ಮೆ ಜಗ್ಗಿದರೆ ಸಾಕು, ತಕ್ಷಣ ಕಾಣುತ್ತದೆ.

ಒಂದು ಲೆಕ್ಕ ನೋಡಿ. ನೆರಳು ಬರೆಯುವ ಹೊಸ ಹಂತವೊಂದನ್ನು (ಪಾಸ್) ಸೇರಿಸಿದಿರಿ, ಅದಕ್ಕೆ 5 ಮಿಲಿಸೆಕೆಂಡ್ ಬೇಕು ಅಂದುಕೊಳ್ಳಿ. 200 ಎಫ್‌ಪಿಎಸ್‌ನಲ್ಲಿ ಓಡುತ್ತಿದ್ದ ಖಾಲಿ ಕೋಣೆ 100ಕ್ಕೆ ಇಳಿಯುತ್ತದೆ. 60ರಲ್ಲಿ ಓಡುತ್ತಿದ್ದ ತುಂಬಿದ ಹಾಲ್ 46ಕ್ಕೆ ಬರುತ್ತದೆ. ಒಂದು ಕಡೆ ನೂರು ಹೋಯಿತು, ಇನ್ನೊಂದು ಕಡೆ ಹದಿನಾಲ್ಕು. ಖರ್ಚಾದದ್ದು ಮಾತ್ರ ಎರಡೂ ಕಡೆ ಅದೇ 5. ಮಿಲಿಸೆಕೆಂಡನ್ನು ಕೂಡಬಹುದು, ಕಳೆಯಬಹುದು. ಎಫ್‌ಪಿಎಸ್ ತಲೆಕೆಳಗಾದ ಭಿನ್ನರಾಶಿ, ಕೂಡಿಸಲು ಬರುವುದಿಲ್ಲ.

ಸರಾಸರಿಯ ಕಥೆ ಇನ್ನೂ ಕಷ್ಟದ್ದು. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಮಾನಿಟರಿನಲ್ಲಿ ಹತ್ತು ಸೆಕೆಂಡಿಗೆ 600 ಫ್ರೇಮ್ ಬರಬೇಕು. ನಡುವೆ ಒಂದೇ ಒಂದು ಫ್ರೇಮ್ 150 ಮಿಲಿಸೆಕೆಂಡ್ ತೆಗೆದುಕೊಂಡರೆ ಎಂಟು ಫ್ರೇಮ್ ತಪ್ಪಿ 592 ಉಳಿಯುತ್ತದೆ, ಸರಾಸರಿ 59.2. ಅಂಕಿಯಲ್ಲಿ ಎಲ್ಲ ಸರಿಯಿದೆ, ಕಣ್ಣಿಗೆ ಮಾತ್ರ ಹೊಡೆದಂತಾಗುತ್ತದೆ. ಹಾರ್ಡ್‌ವೇರ್ ವಿಮರ್ಶೆಯ ಜಾಲತಾಣ ದಿ ಟೆಕ್ ರಿಪೋರ್ಟ್‌ನ ಸ್ಕಾಟ್ ವಾಸನ್ 2011ರಲ್ಲಿ ಗ್ರಾಫಿಕ್ಸ್ ಕಾರ್ಡ್ ವಿಮರ್ಶೆಗೆ ಸೆಕೆಂಡಿನ ಒಳಗೇ ಇಳಿದು ಬಿಡಿ ಬಿಡಿ ಫ್ರೇಮಿನ ಸಮಯ ಅಳೆದು ತೋರಿಸಿದ್ದು ಇದೇ ಕಾರಣಕ್ಕೆ. ಆ ಬದಲಾವಣೆಗೆ ನಾನು ಇವತ್ತಿಗೂ ಋಣಿ.

ನಮ್ಮಲ್ಲಿ ಇದು ಎದ್ದು ಕಂಡದ್ದು ಬಾಲ್ಕನಿ ಕಡೆ ತಿರುಗಿದಾಗ. ಹಾಲ್‌ನಲ್ಲಿ ಗ್ರಾಫ್ ನೆಟ್ಟಗೆ 12 ಮಿಲಿಸೆಕೆಂಡ್. ಗಾಜಿನ ಬಾಗಿಲು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಒಂದೇ ಒಂದು ಕಂಬ ಎತ್ತರಕ್ಕೆ ಏಳುತ್ತಿತ್ತು. ಎರಡನೇ ಸಲ ತಿರುಗಿದರೆ ಏನೂ ಇಲ್ಲ. ಗಾಜು ಪಾರದರ್ಶಕ, ಚಿತ್ರ ಬರೆಯುವ ಚಿಪ್ ಜಿಪಿಯುಗೆ ಭಾರ ಆಗಿರಬೇಕು ಅಂತ ಎಲ್ಲರ ಊಹೆ.

ಊಹೆ ಬೇಡ, ಸಿಪಿಯು, ಜಿಪಿಯು ಎರಡೂ ಕಡೆ ಅಳೆಯೋಣ ಅಂದೆ. ಡ್ರಾ ಕಾಲ್‌ನ (ಇದನ್ನು ಬರೆ ಅನ್ನುವ ಆದೇಶದ) ಹಿಂದೆ ಮುಂದೆ ಸಿಪಿಯು ಗಡಿಯಾರ ಇಟ್ಟರೆ ಸಿಗುವುದು ಜಿಪಿಯುಗೆ ಆರ್ಡರ್ ಕೊಡಲು ಹಿಡಿದ ಸಮಯ ಅಷ್ಟೇ. ಕೆಲಸ ಮುಗಿಯುವುದು ಆಮೇಲೆ. ಜಿಪಿಯು ಮುಗಿಸುವ ತನಕ ಸಿಪಿಯುವನ್ನು ನಿಲ್ಲಿಸುವ ಜಿಎಲ್‌ಫಿನಿಶ್ ಕರೆದು ಕಾದು ಕುಳಿತರೆ ಎರಡೂ ಜೊತೆಯಲ್ಲಿ ಓಡುವ ಲಾಭವೇ ಹೋಗಿ ಅಳತೆಯೇ ಕೆಡುತ್ತದೆ. ಅದಕ್ಕೆಂದೇ ಜಿಪಿಯುವೇ ತನ್ನ ಸಮಯ ಅಳೆದು ಹೇಳುವ ಟೈಮರ್ ಕ್ವೆರಿ ಇದೆ, ಗ್ರಾಫಿಕ್ಸ್ ಬರೆಸುವ ಇಂಟರ್‌ಫೇಸ್ ಆದ ಓಪನ್‌ಜಿಎಲ್‌ನಲ್ಲಿ 3.3ರಿಂದ ಕೋರ್‌ನಲ್ಲೇ ಸೇರಿದೆ. ಉತ್ತರವನ್ನು ಅದೇ ಫ್ರೇಮಿನಲ್ಲಿ ಕೇಳದೆ ಎರಡು ಮೂರು ಫ್ರೇಮ್ ಬಿಟ್ಟು ಓದಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಕಾಯುವ ಪಾಡು. ಅಂಥದೇ ಇನ್ನೊಂದು ಇಂಟರ್‌ಫೇಸ್ ವಲ್ಕನ್‌ನಲ್ಲಾದರೆ ಟೈಮ್‌ಸ್ಟ್ಯಾಂಪ್, ಬಂದ ಅಂಕಿಯನ್ನು ಆ ಕಾರ್ಡಿನ ಟೈಮ್‌ಸ್ಟ್ಯಾಂಪ್ ಪೀರಿಯಡ್‌ನಿಂದ (ಒಂದು ಟಿಕ್ಕಿಗೆ ಎಷ್ಟು ನ್ಯಾನೊಸೆಕೆಂಡ್) ಗುಣಿಸಿದ ಮೇಲೇ ನ್ಯಾನೊಸೆಕೆಂಡ್.

ಎರಡು ಗೆರೆ ಒಟ್ಟಿಗೆ ಹಾಕಿ ನೋಡಿದರೆ ಜಿಪಿಯು ಅಲುಗಾಡಿರಲೇ ಇಲ್ಲ. ಜಿಗಿದದ್ದು ಸಿಪಿಯು. ಗಾಜಿನ ಮೆಟೀರಿಯಲ್ ಮೊದಲ ಸಲ ಬಳಕೆಗೆ ಬಂದಾಗ ಡ್ರೈವರ್ ಅದರ ಶೇಡರನ್ನು (ಬಣ್ಣ, ಬೆಳಕು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ) ಅಲ್ಲೇ ಕಂಪೈಲ್ ಮಾಡುತ್ತಿತ್ತು. ಲೋಡಿಂಗ್ ಹೊತ್ತಿನಲ್ಲೇ ಎಲ್ಲ ಮೆಟೀರಿಯಲ್‌ಗಳನ್ನೂ ಒಮ್ಮೆ ಬರೆಸಿ ಬಿಸಿ ಮಾಡಿಕೊಂಡೆವು, ಕಂಬ ಮಾಯ. ಗಾಜನ್ನೇ ಸರಳ ಮಾಡಲು ಹೊರಟಿದ್ದರೆ ಚೆಂದವೂ ಹೋಗುತ್ತಿತ್ತು, ಜಗ್ಗುವುದೂ ನಿಲ್ಲುತ್ತಿರಲಿಲ್ಲ.

ಅಳೆಯುವಾಗ, ಫ್ರೇಮನ್ನು ಮಾನಿಟರಿನ ಸರದಿಗೆ ಕಾಯಿಸುವ ವಿ-ಸಿಂಕ್ ಆಫ್ ಮಾಡಿ. ಅದು ಆನ್ ಇದ್ದು ಚಿತ್ರ ಇಡಲು ಬರೀ ಎರಡು ಬಫರ್ ಇದ್ದರೆ 17 ಮಿಲಿಸೆಕೆಂಡಿನ ಫ್ರೇಮ್ ಕೂಡ 60 ಹರ್ಟ್ಸ್‌ನ ಮುಂದಿನ ಸರದಿಗೆ ಕಾದು 33 ಅನ್ನಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ ಬಿಸಿಯಾದ ಮೇಲೆ ಅಳೆಯಿರಿ. ತಣ್ಣಗಿದ್ದಾಗಿನ ವೇಗ ಗಿರಾಕಿಯ ಮುಂದೆ ಇರುವುದಿಲ್ಲ.

ಈಗ ಕ್ಯಾಮೆರಾ ಪ್ರತಿ ಸಲ ಒಂದೇ ದಾರಿಯಲ್ಲಿ ಓಡುತ್ತದೆ, ಫ್ರೇಮುಗಳ ಸಮಯವೆಲ್ಲ ಫೈಲಿಗೆ ಬೀಳುತ್ತದೆ. 99ನೇ ಪರ್ಸೆಂಟೈಲ್ (ನೂರರಲ್ಲಿ 99 ಫ್ರೇಮ್ ಇದರೊಳಗೆ ಮುಗಿದಿವೆ ಅನ್ನುವ ಸಮಯ) ಮತ್ತು ಅತಿ ಕೆಟ್ಟ ಫ್ರೇಮ್, ಇವೆರಡನ್ನೂ ಬರೆಯದ ಕೋಡನ್ನು ನಾನು ರಿವ್ಯೂಗೆ ತೆಗೆದುಕೊಳ್ಳುವುದಿಲ್ಲ. ಉಳಿದಿರುವುದು ಕ್ಲಬ್‌ಹೌಸಿನ ಈಜುಕೊಳ. ಅಲ್ಲಿ ನಿಜವಾಗಿಯೂ ಜಿಪಿಯು ಗೆರೆಯೇ 19 ಮಿಲಿಸೆಕೆಂಡ್ ದಾಟುತ್ತದೆ. ನೀರಿನ ಪ್ರತಿಬಿಂಬವನ್ನು ಅರ್ಧ ರೆಸಲ್ಯೂಶನ್‌ನಲ್ಲಿ ಬರೆಸಿ ನೋಡುವುದು ಈ ವಾರದ ಕೆಲಸ.